ಹರಿದು ಮಾರಿದ ಹಸ್ತಪ್ರತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಮಧ್ಯಯುಗದ ಚಿತ್ರಿತ ಹಸ್ತಪ್ರತಿಗಳ ಮಾತು ಬಂದರೆ ಸಾಕು, ಕೇಳುವವರ ಗಮನ ಬೇಗನೆ ಒಂದು ಕಡೆಗೆ ತಿರುಗುತ್ತದೆ. ಇಂಥ ಪುಸ್ತಕವನ್ನು ಬಿಚ್ಚಿ ಹಾಳೆ ಹಾಳೆಯಾಗಿ ಮಾರಲು ಯಾರಿಗಾದರೂ ಮನಸ್ಸು ಹೇಗೆ ಬಂತು? ಪತ್ರಗಳಲ್ಲಿ, ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಕಷ್ಟದ್ದು. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಹೊಸಬರಿಗೆ

ಚಿತ್ರಿತ ಹಸ್ತಪ್ರತಿ ಅಂದ್ರೆ ಚಿತ್ರ ಇರೋ ಹಳೇ ಪುಸ್ತಕ, ಅಷ್ಟೇನಾ?

ಅಷ್ಟೇ ಅಲ್ಲ. ಇವು ಕಾಗದದ ಪುಸ್ತಕಗಳಲ್ಲ. ಕರು, ಕುರಿ ಅಥವಾ ಮೇಕೆಯ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿ ಹಾಳೆ ಮಾಡುತ್ತಿದ್ದರು. ಇದಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಒಂದು ಬದಿ ಸ್ವಲ್ಪ ಹಳದಿ, ಕೂದಲಿದ್ದ ಜಾಗದ ಚುಕ್ಕಿಗಳು ಕಾಣುತ್ತವೆ. ಇನ್ನೊಂದು ಬದಿ ಬೆಳ್ಳಗೆ, ನಯವಾಗಿರುತ್ತದೆ. ಹಕ್ಕಿಯ ಗರಿಯಿಂದ ಅಕ್ಷರ ಬರೆದ ಮೇಲೆ, ಚಿನ್ನ ಬೇಕಾದ ಕಡೆ ಉಬ್ಬುವ ಹಾಗೆ ಅಂಟಿನ ಲೇಪ ಹಾಕಿ, ಚಿನ್ನದ ರೇಕು ಕೂರಿಸಿ, ನಯವಾದ ಕಲ್ಲಿನಿಂದಲೋ ನಾಯಿಯ ಹಲ್ಲಿನಿಂದಲೋ ಉಜ್ಜಿ ಹೊಳಪು ಕೊಡುತ್ತಿದ್ದರು. ಪುಟ ತಿರುಗಿಸಿದಾಗ ಬೆಳಕು ಬಿದ್ದು ಅದು ಇವತ್ತಿಗೂ ಮಿನುಗುತ್ತದೆ.

ಬೈಬಲ್, ಬಲಿಪೂಜೆಯ (ಚರ್ಚಿನ ‘ಮಾಸ್’ ಪ್ರಾರ್ಥನೆಯ) ಪುಸ್ತಕ, ಗಾಯಕರ ಗುಂಪು ದೂರದಿಂದಲೇ ಓದಲು ಬರೆದ ಭಾರೀ ಗಾತ್ರದ ಹಾಡಿನ ಪುಸ್ತಕ, ಹೀಗೆ ಹಲವು ಬಗೆ. ಜಾಸ್ತಿ ಉಳಿದಿರುವುದು ‘ಬುಕ್ ಆಫ್ ಅವರ್ಸ್’. ಅಂದರೆ ಹೊತ್ತು ಹೊತ್ತಿಗೆ ಹೇಳುವ ಪ್ರಾರ್ಥನೆಗಳ ಪುಸ್ತಕ. ಉಳ್ಳವರ ಮನೆಯಲ್ಲಿ ಇರುತ್ತಿದ್ದವು. ಅತಿ ಹೆಚ್ಚು ಹರಿದು ಮಾರಿದ್ದೂ ಇವನ್ನೇ.

ಇಡೀ ಪುಸ್ತಕಕ್ಕೇ ಬೆಲೆ ಜಾಸ್ತಿ ಅಲ್ವಾ? ಬಿಚ್ಚಿದ್ರೆ ಲಾಭ ಹೇಗೆ?

ಇಡೀ ಪುಸ್ತಕ ಕೊಳ್ಳುವಷ್ಟು ದುಡ್ಡಿರುವವರು ಕೆಲವೇ ಜನ. ಒಂದು ಹಾಳೆ ಕೊಂಡು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬಲ್ಲವರು ಸಾವಿರಾರು. ಮುನ್ನೂರು ಹಾಳೆಯ ಪುಸ್ತಕ ಅಂದರೆ ವ್ಯಾಪಾರಿಗೆ ಮುನ್ನೂರು ಗಿರಾಕಿಗಳು. ಬಿಡಿ ಹಾಳೆಗಳ ಒಟ್ಟು ಬೆಲೆ ಇಡಿಯ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಅದರಲ್ಲೂ ಪುಸ್ತಕದ ರಟ್ಟು ಹೋಗಿದ್ದರೆ, ನಾಲ್ಕಾರು ಹಾಳೆ ಆಗಲೇ ಕಾಣೆಯಾಗಿದ್ದರೆ, ಇಡಿಯಾಗಿ ಮಾರಲು ಹೋದರೆ ಬೆಲೆ ಕುಸಿಯುತ್ತದೆ. ಆಗ ‘ಹೇಗೂ ಪೂರ್ತಿ ಇಲ್ಲವಲ್ಲ’ ಎಂಬ ನೆಪ ಸಿಕ್ಕಿಬಿಡುತ್ತದೆ. ಈ ನೆಪವನ್ನು ನಾನು ಒಪ್ಪುವುದಿಲ್ಲ. ನಾಲ್ಕು ಹಾಳೆ ಹೋದ ಪುಸ್ತಕ ಇನ್ನೂ ಪುಸ್ತಕವೇ.

ಈ ಕೆಲಸ ಶುರುವಾಗಿದ್ದು ಯಾವಾಗ?

ಹಾಳುಮಾಡುವುದು ಮೊದಲು, ಮಾರುವುದು ಆಮೇಲೆ. ಅಚ್ಚಿನ ಪುಸ್ತಕ ಬಂದ ಮೇಲೆ ಹಳೆಯ ಹಸ್ತಪ್ರತಿಗಳ ಗಟ್ಟಿ ಚರ್ಮವನ್ನು ಬೈಂಡಿಂಗ್ ಮಾಡುವವರು ಕತ್ತರಿಸಿ ರಟ್ಟಿನ ಒಳಗೆ ಬಳಸಿದರು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ 1530ರ ದಶಕದಲ್ಲಿ ಮಠಗಳನ್ನು ಮುಚ್ಚಿಸಿದಾಗ ಅವುಗಳ ಗ್ರಂಥಾಲಯಗಳು ಚೆಲ್ಲಾಪಿಲ್ಲಿಯಾದವು. ಆ ಹಾಳೆಗಳಲ್ಲಿ ಜನ ದೀಪದ ಕಂಬ ತಿಕ್ಕಿದರು, ಬೂಟು ಒರೆಸಿದರು ಎಂದು ಇಂಗ್ಲಿಷ್ ಲೇಖಕ ಜಾನ್ ಬೇಲ್ 1549ರಲ್ಲೇ ಸಂಕಟಪಟ್ಟು ಬರೆದಿದ್ದಾನೆ. ಸ್ವೀಡನ್ನಿನಲ್ಲಿ ಸರ್ಕಾರಿ ಲೆಕ್ಕದ ಪುಸ್ತಕಗಳಿಗೆ ಇವೇ ಹೊದಿಕೆಯಾದವು. ಅಲ್ಲಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ತುಣುಕುಗಳಿವೆ.

ಚಂದಕ್ಕಾಗಿ ಕತ್ತರಿಸಿ ಮಾರುವ ವ್ಯಾಪಾರಕ್ಕೆ ಬಲ ಬಂದದ್ದು ನೆಪೋಲಿಯನ್ ಕಾಲದಲ್ಲಿ. 1798ರಲ್ಲಿ ಫ್ರೆಂಚ್ ಸೈನಿಕರು ರೋಮ್‌ಗೆ ನುಗ್ಗಿದಾಗ ಪೋಪ್ ಅವರ ಪ್ರಾರ್ಥನಾ ಮಂದಿರವಾದ ಸಿಸ್ಟೀನ್ ಚಾಪೆಲ್‌ನ ಹಾಡಿನ ಪುಸ್ತಕಗಳು ಲೂಟಿಯಾದವು. ಅವುಗಳಿಂದ ಕತ್ತರಿಸಿದ ಚಿತ್ರಗಳು ಲುಯಿಜಿ ಚೆಲೊಟ್ಟಿ ಎಂಬ ಇಟಲಿಯ ಪಾದ್ರಿ-ವ್ಯಾಪಾರಿಯ ಕೈಸೇರಿದವು. 1825ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ಅವನ್ನು ಹರಾಜಿಗಿಟ್ಟಿತು. ಬರೀ ಕತ್ತರಿಸಿದ ಚಿತ್ರಗಳಿಗಾಗಿಯೇ ನಡೆದ ಮೊದಲ ಹರಾಜು ಅದು. ಚೆಲೊಟ್ಟಿ ಅಂಚಿನ ಪಟ್ಟಿಗಳನ್ನು, ಅಕ್ಷರಗಳನ್ನು ಬೇರೆ ಬೇರೆ ಕಡೆಯಿಂದ ತಂದು ಅಂಟಿಸಿ ಹೊಸ ‘ಚಿತ್ರಪಟ’ಗಳನ್ನೇ ತಯಾರಿಸಿದ್ದ.

ಜಾನ್ ರಸ್ಕಿನ್ ಕೂಡ ಕತ್ತರಿ ಹಿಡಿದಿದ್ರಂತೆ, ನಿಜಾನಾ?

ನಿಜ. ಮಧ್ಯಯುಗದ ಕಲೆಯನ್ನು ಅಷ್ಟು ಪ್ರೀತಿಸಿದ ಈ ಇಂಗ್ಲಿಷ್ ಕಲಾ ವಿಮರ್ಶಕ, ಸಂಜೆ ಕೂತು ಒಂದು ಪೂಜಾ ಪುಸ್ತಕ ಕತ್ತರಿಸಿದೆ, ಕಷ್ಟದ ಕೆಲಸ ಎಂದು 1854ರ ಜನವರಿ 3ರ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಹಾಳೆಗಳನ್ನು ಗೆಳೆಯರಿಗೆ, ಶಾಲೆಗಳಿಗೆ ಹಂಚಿದರು. ಆ ಕಾಲಕ್ಕೆ ಇದು ತಪ್ಪು ಎಂದು ಹೆಚ್ಚಿನವರಿಗೆ ಅನ್ನಿಸುತ್ತಿರಲಿಲ್ಲ. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವ ಲಂಡನ್ನಿನ ಮ್ಯೂಸಿಯಂ ಕೂಡ ವಿನ್ಯಾಸ ಕಲಿಯುವವರಿಗೆ ಮಾದರಿಯಾಗಲಿ ಎಂದು ಕತ್ತರಿಸಿದ ಚೂರುಗಳನ್ನು ಕೊಂಡು ಜೋಡಿಸಿಟ್ಟಿತ್ತು. ಪ್ರೀತಿಯಿಂದ ಹರಿದ ಹಾಳೆಯೂ ಹರಿದ ಹಾಳೆಯೇ ಅಲ್ವಾ?

## ಸ್ವಲ್ಪ ಒಳಕ್ಕೆ

ಆಟೊ ಎಗಿ ಅನ್ನೋ ಹೆಸರು ಎಲ್ಲಾ ಕಡೆ ಬರುತ್ತಲ್ಲ, ಯಾರು ಇವರು?

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿದ್ದ ಕಲಾ ಶಿಕ್ಷಕ (1888–1951). ಕಲಾಶಾಲೆಯ ಡೀನ್ ಆಗಿದ್ದರು. ಪುಸ್ತಕಗಳ ಇತಿಹಾಸ ಪಾಠ ಮಾಡುತ್ತಿದ್ದರು. ಹತ್ತಾರು ವರ್ಷ ಹಸ್ತಪ್ರತಿಗಳನ್ನು ಕೊಂಡು, ಬಿಚ್ಚಿ, ಹಾಳೆಗಳನ್ನು ರಟ್ಟಿನ ಚೌಕಟ್ಟಿಗೆ ಅಂಟಿಸಿ, ಕೆಳಗೆ ವಿವರದ ಚೀಟಿ ಹಚ್ಚಿ ಮಾರಿದರು. 1938ರಲ್ಲಿ ತಾವೊಬ್ಬ ‘ಪುಸ್ತಕ ಭಂಜಕ’ ಎಂದು ಬಹಿರಂಗವಾಗಿ ಹೇಳಿಕೊಂಡು, ಅದನ್ನು ಸಮರ್ಥಿಸಿ ಲೇಖನವನ್ನೇ ಬರೆದರು.

ಅವರ ಹೆಸರಿನ ಪೆಟ್ಟಿಗೆಗಳಲ್ಲಿ ಪ್ರಸಿದ್ಧವಾದದ್ದು ‘ಮಧ್ಯಯುಗದ ಹಸ್ತಪ್ರತಿಗಳ ಐವತ್ತು ಮೂಲ ಹಾಳೆಗಳು’. ಐವತ್ತು ಹಸ್ತಪ್ರತಿಗಳಿಂದ ಒಂದೊಂದು ಹಾಳೆ, ಒಂದು ಪೆಟ್ಟಿಗೆಗೆ ಐವತ್ತು. ಇಂಥ 40 ಪೆಟ್ಟಿಗೆಗಳು. ಅವರು ತೀರಿಕೊಂಡ ಮೇಲೆ ಹೆಂಡತಿ ಲೂಯಿಸ್ ಈ ಕೆಲಸ ಮುಂದುವರಿಸಿದರು. ಎಲ್ಲ ಪೆಟ್ಟಿಗೆಯಲ್ಲೂ ಕ್ರಮ ಒಂದೇ. ಯಾವ ಪೆಟ್ಟಿಗೆ ತೆರೆದರೂ 15ನೇ ಹಾಳೆ ಒಂದೇ ಪುಸ್ತಕದ್ದು. ಅವರ ವ್ಯಾಪಾರಕ್ಕೆ ಅನುಕೂಲವಾಗಿದ್ದ ಈ ಅಚ್ಚುಕಟ್ಟುತನವೇ ಇವತ್ತು ಹುಡುಕುವವರ ಕೈ ಹಿಡಿದಿದೆ. ಅವರು ಬಿಚ್ಚದೆ ಬಿಟ್ಟಿದ್ದ ಐವತ್ತಕ್ಕೂ ಹೆಚ್ಚು ಹಸ್ತಪ್ರತಿಗಳು ಕುಟುಂಬದ ಹತ್ತಿರವೇ ಇದ್ದು, 2015ರಲ್ಲಿ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯಕ್ಕೆ ಬಂದವು.

ಸಣ್ಣ ಊರಿನ ಕಾಲೇಜಿಗೂ ಒಂದು ಮೂಲ ಹಾಳೆ ಸಿಕ್ತಲ್ಲ, ಅದು ಒಳ್ಳೇದೇ ಅಲ್ವಾ?

ಎಗಿ ಅವರ ವಾದವೂ ಇದೇ. ನೂರಾರು ಜನ ಒಂದೊಂದು ಹಾಳೆಯನ್ನಾದರೂ ಮುಟ್ಟಿ ನೋಡಲಿ ಎನ್ನುತ್ತಿದ್ದರು. ಇದನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ. ಆ ಹಾಳೆಗಳಿಂದಲೇ ಎಷ್ಟೋ ವಿದ್ಯಾರ್ಥಿಗಳಿಗೆ ಈ ಲೋಕದ ರುಚಿ ಹತ್ತಿತು. ಆದರೆ ಆ ಲಾಭಕ್ಕೆ ಇಡೀ ಪುಸ್ತಕ ಬಲಿಯಾಗಲೇಬೇಕಿತ್ತೇ? ಆಗಲೇ ಹರಿದುಹೋಗಿದ್ದ ಹಾಳೆಗಳು, ಬೈಂಡಿಂಗ್ ಒಳಗಿನ ತುಣುಕುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿದ್ದವು. ಪಾಠಕ್ಕೆ ಅವೇ ಸಾಕಿತ್ತು. ಅಲ್ಲದೆ ಒಂದು ಹಾಳೆ ತೋರಿಸಿ ಅಕ್ಷರದ ಶೈಲಿ ಕಲಿಸಬಹುದು, ಬಣ್ಣ ತೋರಿಸಬಹುದು. ಪುಸ್ತಕ ಅಂದರೆ ಏನು ಎಂದು ತೋರಿಸಲು ಪುಸ್ತಕವೇ ಬೇಕು.

ಬೋವೆ ಮಿಸ್ಸಲ್ ಕಥೆ ಏನು? ಸ್ವಲ್ಪ ವಿವರವಾಗಿ ಹೇಳಿ.

ಮೇಲೆ ಹೇಳಿದ 15ನೇ ಹಾಳೆ ಇದರದ್ದೇ. ಮಿಸ್ಸಲ್ ಅಂದರೆ ಬಲಿಪೂಜೆಯ ಪುಸ್ತಕ. ಇದನ್ನು ಬರೆದದ್ದು ಸುಮಾರು 1290ರ ಹೊತ್ತಿಗೆ, ಉತ್ತರ ಫ್ರಾನ್ಸಿನಲ್ಲಿ. ಪುಟಕ್ಕೆ ಎರಡು ಅಂಕಣ, ಅಂಕಣಕ್ಕೆ 21 ಸಾಲು. ದೊಡ್ಡಕ್ಷರಗಳಿಂದ ಹೊರಟ ಬಣ್ಣ, ಚಿನ್ನದ ಬಳ್ಳಿಗಳು ಅಂಚಿನುದ್ದಕ್ಕೂ ಹರಿಯುತ್ತವೆ. ಬೋವೆ ಊರಿನ ಕೆಥೆಡ್ರಲ್‌ಗೆ ಇದನ್ನು ಕೊಟ್ಟವರು ಅಲ್ಲಿನ ಪಾದ್ರಿ ರೊಬೇರ್ ದ ಹಾಂಜೆ. ಅದು ನಮಗೆ ಗೊತ್ತಾದದ್ದು ಪುಸ್ತಕದಲ್ಲಿದ್ದ ಒಂದು ಬರಹದಿಂದ.

ಆರು ನೂರು ವರ್ಷ ದಾಟಿ, 1926ರ ಲಂಡನ್ ಹರಾಜಿನಲ್ಲಿ ಪುಸ್ತಕ ಅಮೆರಿಕದ ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಪಾಲಾಯಿತು. ಆಗ ಅದರಲ್ಲಿ 309 ಹಾಳೆಗಳಿದ್ದವು. ಹರ್ಸ್ಟ್ ಸಾಲದಲ್ಲಿ ಮುಳುಗಿ ತಮ್ಮ ಸಂಗ್ರಹ ಮಾರತೊಡಗಿದಾಗ ಅದರಲ್ಲಿ ಬಹಳಷ್ಟು ಬಿಕರಿಯಾದದ್ದು ನ್ಯೂಯಾರ್ಕಿನ ಗಿಂಬೆಲ್ಸ್ ಮೂಲಕ. ಬಟ್ಟೆಬರೆ, ಪಾತ್ರೆ ಪಡಗ ಮಾರುವ ಡಿಪಾರ್ಟ್‌ಮೆಂಟ್ ಸ್ಟೋರ್ ಅದು! 1942ರಲ್ಲಿ ಈ ಮಿಸ್ಸಲ್ ಅನ್ನು ಕೊಂಡ ಪುಸ್ತಕ ವ್ಯಾಪಾರಿ ಫಿಲಿಪ್ ಡುಷ್ನೆಸ್ ಅದೇ ವರ್ಷ ಬಿಚ್ಚಿ ಮಾರಲು ಶುರು ಮಾಡಿದರು. ಉಳಿದ ಹಾಳೆಗಳಲ್ಲಿ ದೊಡ್ಡ ಪಾಲು ಎಗಿ ಅವರಿಗೆ ಹೋಯಿತು. ಶತಮಾನಗಟ್ಟಲೆ ಯುದ್ಧ, ಬೆಂಕಿ, ಕ್ರಾಂತಿಗಳಿಂದ ಪಾರಾಗಿ ಬಂದದ್ದು ಹೀಗೆ ಚದುರಿಹೋಯಿತು. ಈ ಮಾತು ಬರೆಯುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಮೆರಿಕದ ವಿದ್ವಾಂಸೆ ಲೀಸಾ ಫೇಗಿನ್ ಡೇವಿಸ್ ಬಹಳ ವರ್ಷಗಳಿಂದ ಇದರ ಹಾಳೆಗಳನ್ನು ಹುಡುಕುತ್ತಿದ್ದಾರೆ. ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಪತ್ತೆಯಾಗಿವೆ. 2022ರಲ್ಲಿ ಮೇನ್ ರಾಜ್ಯದ ಒಂದು ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಒಬ್ಬ ಯುವಕನಿಗೆ 75 ಡಾಲರ್‌ಗೆ ಸಿಕ್ಕಿದ ಫ್ರೇಮ್ ಹಾಕಿದ ಹಾಳೆ ಕೂಡ ಇದರದ್ದೇ. ಕಾಲೇಜಿನಲ್ಲಿ ಹಸ್ತಪ್ರತಿಗಳ ಪಾಠ ಕೇಳಿದ್ದರಿಂದ ಅವನಿಗೆ ಗುರುತು ಹತ್ತಿತು. ಹಾಗೆ ಗುರುತು ಹತ್ತದೆ ಕಸಕ್ಕೆ ಹೋದ ಹಾಳೆಗಳೂ ಇರಬಹುದು.

ಹಾಳೆಗಳು ಎಲ್ಲೋ ಒಂದು ಕಡೆ ಇವೆಯಲ್ಲ, ಹಾಗಾದ್ರೆ ಕಳೆದುಹೋಗಿದ್ದೇನು?

ಮೊದಲನೆಯದಾಗಿ, ಎಲ್ಲ ಹಾಳೆಗಳೂ ಇಲ್ಲ. ಚಿತ್ರವಿರುವ ಹಾಳೆಗೆ ಗಿರಾಕಿ ಸಿಗುತ್ತಾರೆ. ಬರೀ ಅಕ್ಷರದ ಹಾಳೆಯನ್ನು ಕೇಳುವವರು ಕಡಿಮೆ. ಝಾನ್ ಫುಕೆ ಎಂಬ ಮಹಾ ಚಿತ್ರಕಾರ 15ನೇ ಶತಮಾನದಲ್ಲಿ ಎತಿಯೆನ್ ಶೆವಾಲಿಯೆ ಎಂಬ ಅಧಿಕಾರಿಗಾಗಿ ಮಾಡಿದ ಪ್ರಾರ್ಥನಾ ಪುಸ್ತಕವನ್ನು ಆಮೇಲೆ ಯಾರೋ ಬಿಚ್ಚಿ, ಚಿತ್ರಗಳನ್ನು ಹಲಗೆಗೆ ಅಂಟಿಸಿದರು. ಇವತ್ತು 40 ಚಿತ್ರಗಳು ಫ್ರಾನ್ಸಿನ ಶಾಂತಿಯಿ ಊರಿನಲ್ಲಿ ಬೆಚ್ಚಗಿವೆ. ಪ್ರಾರ್ಥನೆಗಳ ಹಾಳೆಗಳು ಬಹುಪಾಲು ಇಲ್ಲವೇ ಇಲ್ಲ.

ಎರಡನೆಯದು ಊರು ಮತ್ತು ಒಡೆಯರ ಗುರುತು. ಇಂಥ ಪುಸ್ತಕಗಳ ಮೊದಲಲ್ಲಿ ಸಂತರ ಹಬ್ಬಗಳ ಪಟ್ಟಿ ಇರುತ್ತದೆ. ಯಾವ ಸಂತನ ಹೆಸರನ್ನು ಕೆಂಪಿನಲ್ಲೋ ಚಿನ್ನದಲ್ಲೋ ಬರೆದಿದ್ದಾರೆ ನೋಡಿದರೆ ಪುಸ್ತಕ ಯಾವ ಸೀಮೆಗೆಂದು ಬರೆದದ್ದು ಎಂದು ಊಹಿಸಬಹುದು. ಕೆಲವು ಮನೆಯವರು ಖಾಲಿ ಜಾಗದಲ್ಲಿ ಮಕ್ಕಳು ಹುಟ್ಟಿದ ದಿನ, ಹಿರಿಯರು ತೀರಿಕೊಂಡ ದಿನ ಬರೆದಿಡುತ್ತಿದ್ದರು. ರಟ್ಟಿನ ಒಳಬದಿಯಲ್ಲಿ ಒಡೆಯರ ಹೆಸರಿರುತ್ತಿತ್ತು. ಬಿಚ್ಚುವಾಗ ರಟ್ಟು ಕಸಕ್ಕೆ, ಪಟ್ಟಿಯ ಹಾಳೆ ಒಬ್ಬರಿಗೆ, ಹೆಸರಿದ್ದ ಹಾಳೆ ಇನ್ನೊಬ್ಬರಿಗೆ. ಉಳಿದ ಹಾಳೆಗಳು ಹೆಸರು, ಊರು ಇಲ್ಲದ ಅನಾಥವಾಗುತ್ತವೆ.

ಮೂರನೆಯದು ಬಳಕೆಯ ಗುರುತು. ಯಾವ ಪ್ರಾರ್ಥನೆಯ ಪುಟ ಬೆರಳಿನ ಜಿಡ್ಡಿಗೆ ಕಪ್ಪಾಗಿದೆ, ಯಾವುದು ಹೊಸದರ ಹಾಗೇ ಇದೆ? ಮೇಣದ ಹನಿ ಎಲ್ಲಿ ಬಿದ್ದಿದೆ? ಪಕ್ಕಪಕ್ಕದ ಪುಟಗಳನ್ನು ಹೋಲಿಸಿದಾಗಲೇ ಅದನ್ನು ಓದಿದವಳ ದಿನಚರಿ ನಮಗೆ ಕಾಣುವುದು. ನನ್ನ ಲೆಕ್ಕದಲ್ಲಿ ದೊಡ್ಡ ನಷ್ಟ ಇದೇ.

ಕದ್ದ ಹಾಳೆಗಳೂ ಮಾರಾಟಕ್ಕೆ ಬರುತ್ತವಾ? ಕಾನೂನು ಏನು ಹೇಳುತ್ತೆ?

ಬ್ರಿಟನ್, ಅಮೆರಿಕದಲ್ಲಿ ತಾನು ಕೊಂಡ ಹಸ್ತಪ್ರತಿಯನ್ನು ಒಡೆಯ ಬಿಚ್ಚಿದರೆ ಅದು ಅಪರಾಧವಲ್ಲ. ಕದ್ದದ್ದಾದರೆ ಮಾತು ಬೇರೆ. 1990ರ ದಶಕದಲ್ಲಿ ಅಮೆರಿಕದ ಒಬ್ಬ ಕಲಾ ಇತಿಹಾಸದ ಪ್ರಾಧ್ಯಾಪಕರು ವ್ಯಾಟಿಕನ್ ಗ್ರಂಥಾಲಯದಿಂದ ಹಾಳೆಗಳನ್ನು ಕದ್ದು ಮಾರಲು ಹೋಗಿ ಸಿಕ್ಕಿಬಿದ್ದು ಜೈಲು ಸೇರಿದರು. ಆ ಹಾಳೆಗಳು ಕವಿ ಪೆಟ್ರಾರ್ಕ್ ಬಳಿ ಇದ್ದ ಹಸ್ತಪ್ರತಿಯವು.

ಹೆಚ್ಚು ಕಾಡುವುದು ಜೈತೂನ್ ಸುವಾರ್ತೆಯ ಪ್ರಕರಣ. 1256ರಲ್ಲಿ ತೋರೋಸ್ ರೋಸ್ಲಿನ್ ಚಿತ್ರಿಸಿದ ಅರ್ಮೇನಿಯನ್ ಹಸ್ತಪ್ರತಿ ಅದು. ಮೊದಲ ಮಹಾಯುದ್ಧದ ಕಾಲದಲ್ಲಿ ಅರ್ಮೇನಿಯನ್ನರ ಹತ್ಯಾಕಾಂಡ ನಡೆದಾಗ ಅದರ ಎಂಟು ಚಿತ್ರಿತ ಪುಟಗಳು ಬೇರೆಯಾದವು. ಅವನ್ನು ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಮುಂದೆ ಕೊಂಡುಕೊಂಡಿತು. ಅರ್ಮೇನಿಯನ್ ಚರ್ಚ್ 2010ರಲ್ಲಿ ಮೊಕದ್ದಮೆ ಹೂಡಿತು. 2015ರಲ್ಲಿ ರಾಜಿಯಾಯಿತು. ಪುಟಗಳು ಚರ್ಚಿನವೇ ಎಂದು ಮ್ಯೂಸಿಯಂ ಒಪ್ಪಿಕೊಂಡಿತು, ಚರ್ಚ್ ಅವನ್ನು ಮ್ಯೂಸಿಯಂಗೆ ದಾನ ಕೊಟ್ಟಿತು. ಉಳಿದ ಪುಸ್ತಕ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿದೆ. ಒಡೆತನದ ಜಗಳ ಮುಗಿಯಿತು, ಆದರೆ ಪುಸ್ತಕ ಎರಡು ಖಂಡಗಳಲ್ಲೇ ಉಳಿಯಿತು.

ಪರ್ಷಿಯಾದ, ನಮ್ಮ ದೇಶದ ಪುಸ್ತಕಗಳಿಗೂ ಹೀಗೇ ಆಗಿದ್ಯಾ?

ಆಗಿದೆ. 16ನೇ ಶತಮಾನದಲ್ಲಿ ಇರಾನಿನ ತಬ್ರೀಜ್‌ನಲ್ಲಿ ದೊರೆ ತಹಮಾಸ್ಪ್‌ಗಾಗಿ ಮಾಡಿದ ‘ಶಾಹನಾಮ’ ಎಂಬ ಪರ್ಷಿಯನ್ ಮಹಾಕಾವ್ಯದ ಪ್ರತಿಯಲ್ಲಿ 258 ಚಿತ್ರಗಳಿದ್ದವು. 1959ರಲ್ಲಿ ಅದನ್ನು ಕೊಂಡ ಅಮೆರಿಕದ ಆರ್ಥರ್ ಹೌಟನ್ ಬಿಚ್ಚಿಸಿದರು. 78 ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಉಳಿದವು ಒಂದೊಂದಾಗಿ ಹರಾಜಿಗೆ ಬಂದವು. ಕೊನೆಗೆ ಮಿಕ್ಕ 118 ಚಿತ್ರಗಳನ್ನು 1994ರಲ್ಲಿ ಇರಾನ್, ವಿಲ್ಲೆಮ್ ಡಿ ಕೂನಿಂಗ್ ಅವರ ಒಂದು ಪೇಂಟಿಂಗ್ ಕೊಟ್ಟು ಬದಲಿಗೆ ಪಡೆಯಿತು. ಇದರ ಒಂದೇ ಒಂದು ಹಾಳೆ 2011ರಲ್ಲಿ ಲಂಡನ್ನಿನಲ್ಲಿ 74 ಲಕ್ಷ ಪೌಂಡ್‌ಗೆ ಹೋಯಿತು. ಬಿಚ್ಚಿದವರಿಗೆ ಲಾಭ ಹೇಗೆ ಎಂದು ಕೇಳುವವರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಗುಜರಾತ್ ಕಡೆಯ ಜೈನ ಕಲ್ಪಸೂತ್ರಗಳ ಚಿತ್ರಿತ ಹಾಳೆಗಳೂ ಬಿಡಿ ಬಿಡಿಯಾಗಿ ಪಶ್ಚಿಮದ ಮ್ಯೂಸಿಯಂಗಳಲ್ಲಿ, ಮನೆಗಳಲ್ಲಿ ಹಂಚಿಹೋಗಿವೆ. ಇದಕ್ಕೆ ಎದುರಾಗಿ ಮೂಡುಬಿದಿರೆಯನ್ನು ನೋಡಿ. 12ನೇ ಶತಮಾನದ, ಜೈನರ ಧವಲಾ ಗ್ರಂಥಗಳ ಓಲೆಗರಿಗಳು, ಅವುಗಳ ಮೇಲಿನ ಹೊಯ್ಸಳ ಕಾಲದ ಬಣ್ಣದ ಚಿತ್ರಗಳು ಅಲ್ಲಿನ ಬಸದಿಯ ಕಾವಲಿನಲ್ಲಿ ಉಳಿದುಬಂದವು. ಹಳಗನ್ನಡ ಲಿಪಿಯಲ್ಲಿದ್ದ ಅವುಗಳ ಪ್ರತಿಗಳು ಹೊರಗೆ ಬಂದವು. ಮೂಲ ಅಲ್ಲೇ ಉಳಿಯಿತು. ನಾಡಿಗೆಲ್ಲ ಓದಲು ಸಿಗಬೇಕು ಅಂದರೆ ಹರಿಯಲೇಬೇಕು ಎಂಬುದು ಸುಳ್ಳು ಎನ್ನಲು ಇದೇ ಸಾಕ್ಷಿ.

ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷ ತುಂಬಿದ್ದರೆ ಅದು ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮಾರುವ ವ್ಯಾಪಾರಿಗೆ ಲೈಸೆನ್ಸ್ ಬೇಕು.

## ಆಸಕ್ತಿ ಜಾಸ್ತಿ ಇರುವವರಿಗೆ

ಚದುರಿದ ಹಾಳೆಗಳನ್ನ ಮತ್ತೆ ಜೋಡಿಸೋದು ಹೇಗೆ?

ಹಾಳೆ ತಾನೇ ಸುಳಿವು ಕೊಡುತ್ತದೆ. ಮೊದಲು ಅಳತೆ. ಹಾಳೆಯ ಅಂಚನ್ನು ಆಮೇಲೆ ಯಾರಾದರೂ ಕತ್ತರಿಸಿರಬಹುದು, ಆದ್ದರಿಂದ ಬರಹ ಇರುವ ಜಾಗದ ಉದ್ದ ಅಗಲ ಮುಖ್ಯ. ಪುಟಕ್ಕೆ ಎಷ್ಟು ಸಾಲು, ಎಷ್ಟು ಅಂಕಣ? ಗೆರೆ ಎಳೆಯಲು ಅಂಚಿನಲ್ಲಿ ಚುಚ್ಚಿದ ತೂತುಗಳು ಎಲ್ಲಿವೆ? ಆಮೇಲೆ ಪಠ್ಯ. ಪೂಜಾ ಪುಸ್ತಕದಲ್ಲಿ ಹಬ್ಬಗಳ ಕ್ರಮ ಗೊತ್ತಿರುವುದರಿಂದ ಯಾವ ಹಾಳೆ ಮುಂದೆ, ಯಾವುದು ಹಿಂದೆ ಎಂದು ಹೇಳಬಹುದು. ಒಂದು ಹಾಳೆ ಅರ್ಧ ಪದದಲ್ಲಿ ನಿಂತು, ಇನ್ನರ್ಧ ಬೇರೆ ದೇಶದ ಹಾಳೆಯಲ್ಲಿ ಸಿಗುವುದೂ ಉಂಟು. ನನಗೆ ಬಹಳ ಇಷ್ಟವಾದ ಸುಳಿವು ಹುಳು ತಿಂದ ತೂತು. ಹುಳ ನೇರ ಕೊರೆದುಕೊಂಡು ಹೋಗಿರುತ್ತದೆ. ಎರಡು ಹಾಳೆಯಲ್ಲಿ ಒಂದೇ ಜಾಗದಲ್ಲಿ ತೂತಿದ್ದರೆ ಅವು ಒಂದು ಕಾಲಕ್ಕೆ ಅಕ್ಕಪಕ್ಕ ಇದ್ದವು ಎಂದಾಯಿತು. ಎದುರು ಪುಟದ ಬಣ್ಣ ಈ ಪುಟಕ್ಕೆ ಹತ್ತಿಕೊಂಡಿದ್ದರೂ ಹಾಗೇ.

ಹಾಳೆಗಳನ್ನು ಒಂದೇ ಊರಿಗೆ ತರುವುದು ಆಗದ ಮಾತು. ಆದರೆ ಪ್ರತಿ ಗ್ರಂಥಾಲಯ ತನ್ನ ಹಾಳೆಯ ಚಿತ್ರವನ್ನು ಒಂದು ಸಾಮಾನ್ಯ ಕ್ರಮದಲ್ಲಿ ಅಂತರ್ಜಾಲಕ್ಕೆ ಹಾಕಿದರೆ, ಎಲ್ಲವನ್ನೂ ಒಂದೇ ಪರದೆಯಲ್ಲಿ ಪುಸ್ತಕದ ಹಾಗೆ ಜೋಡಿಸಬಹುದು. ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್‌ನಲ್ಲಿ ನೆಲೆಯಿರುವ ಫ್ರಾಗ್ಮೆಂಟೇರಿಯಂ ಎಂಬ ಅಂತರ್ಜಾಲ ತಾಣ ಈ ಕೆಲಸಕ್ಕಾಗಿಯೇ ಇದೆ. ಬೋವೆ ಮಿಸ್ಸಲ್‌ನ ಹಾಳೆಗಳು ಅಲ್ಲಿ ಸಾಲಾಗಿ ಕೂಡಿಕೊಳ್ಳುತ್ತಿವೆ.

ನಿಜವಾಗಿ ಮತ್ತೆ ಸೇರಿದ್ದೂ ಉಂಟು. ಸುಮಾರು 1440ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಕ್ಯಾಥರೀನ್ ಆಫ್ ಕ್ಲೀವ್ಸ್ ಎಂಬ ಡಚೆಸ್‌ಗಾಗಿ ಮಾಡಿದ ಪ್ರಾರ್ಥನಾ ಪುಸ್ತಕವನ್ನು 19ನೇ ಶತಮಾನದಲ್ಲಿ ಒಬ್ಬ ವ್ಯಾಪಾರಿ ಬಿಚ್ಚಿ, ಹಾಳೆಗಳನ್ನು ಕಲಸಿ, ಎರಡು ಪುಸ್ತಕಗಳಾಗಿ ಕಟ್ಟಿಸಿದ. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯಕ್ಕೆ ಒಂದು 1963ರಲ್ಲಿ, ಇನ್ನೊಂದು 1970ರಲ್ಲಿ ಬಂತು. ಈಗ ಎರಡೂ ಒಂದೇ ಸೂರಿನಡಿ ಇವೆ.

ಅಸಲಿ ಹಾಳೆ ಯಾವುದು, ನಕಲಿ ಯಾವುದು ಹೇಗೆ ತಿಳಿಯೋದು?

ಭೂತಗನ್ನಡಿ ಹಿಡಿದು ನೋಡಿ. ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಅಚ್ಚು ಹಾಕಿದ್ದು. ಆದರೆ ಪಳಗಿದ ಕೈ ಇದ್ದರೆ ಇದು ಸಾಲದು. ‘ಸ್ಪ್ಯಾನಿಷ್ ಫೋರ್ಜರ್’ ಎಂದು ಕರೆಯುವ ಒಬ್ಬ ಚಿತ್ರಕಾರ 19ನೇ ಶತಮಾನದ ಕೊನೆಯ ಹೊತ್ತಿಗೆ ನಿಜವಾದ ಹಳೇ ಚರ್ಮದ ಹಾಳೆಗಳ ಮೇಲೇ ಹೊಸ ಚಿತ್ರ ಬರೆದ. ಚರ್ಮ ಅಸಲಿ, ಹಿಂಬದಿಯ ಬರಹ ಅಸಲಿ, ಚಿತ್ರ ಮಾತ್ರ ನಕಲಿ. ಅವನಿಗೆ ಈ ಹೆಸರಿಟ್ಟವರು ಮಾರ್ಗನ್ ಗ್ರಂಥಾಲಯದ ಬೆಲ್ ಡ ಕಾಸ್ಟಾ ಗ್ರೀನ್. ಅವನ ನಿಜ ಹೆಸರು ಇವತ್ತಿಗೂ ಗೊತ್ತಿಲ್ಲ. ಅವನು ಬಳಸಿದ ಹಸಿರು ಬಣ್ಣ ಮಧ್ಯಯುಗದಲ್ಲಿ ಇರಲೇ ಇಲ್ಲ, ಅದೇ ಅವನನ್ನು ಹಿಡಿದುಕೊಟ್ಟಿತು. ಅನುಮಾನ ಬಂದರೆ ಹಿಂಬದಿ ಓದಿಸಿ: ಚಿತ್ರಕ್ಕೂ ಪಠ್ಯಕ್ಕೂ ಸಂಬಂಧ ಇದೆಯಾ?

ಒಂದು ಹಾಳೆ ಕೊಳ್ಳೋ ಆಸೆ ಇದೆ. ತಪ್ಪಾ?

ಎಂಬತ್ತು, ನೂರು ವರ್ಷದ ಹಿಂದೆಯೇ ಬೇರೆಯಾಗಿದೆ ಎಂದು ದಾಖಲೆ ಇರುವ ಹಾಳೆ ಕೊಂಡರೆ ನಾನು ಬೇಡ ಎನ್ನುವುದಿಲ್ಲ. ಅದನ್ನು ಚೆನ್ನಾಗಿ ನೋಡಿಕೊಂಡರೆ ಒಳ್ಳೆಯದೇ. ಈಚೆಗೆ ಬಿಚ್ಚಿದ್ದನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಬಿಚ್ಚುವ ಕೆಲಸ ಇನ್ನೂ ನಿಂತಿಲ್ಲ, ಅದು ನಡೆಯುವುದು ಕೊಳ್ಳುವವರಿಂದ. ಮಾರುವವರನ್ನು ನೇರವಾಗಿ ಕೇಳಿ: ಇದು ಯಾವ ಪುಸ್ತಕದ್ದು, ಯಾವಾಗ ಬೇರೆಯಾಯಿತು, ಇದಕ್ಕೆ ಮುಂಚೆ ಯಾರ ಬಳಿ ಇತ್ತು? ಒಬ್ಬನೇ ವ್ಯಾಪಾರಿ ಒಂದೇ ಪುಸ್ತಕದ ಹತ್ತಾರು ಹಾಳೆಗಳನ್ನು ಒಟ್ಟಿಗೆ ಮಾರಾಟಕ್ಕಿಟ್ಟಿದ್ದು, ಅವಕ್ಕೆ ಹಳೆಯ ಕಾಗದಪತ್ರ ಏನೂ ಇಲ್ಲದಿದ್ದರೆ ಅನುಮಾನಪಡಿ. ಉತ್ತರ ತೇಲಿಸಿದರೆ ಎದ್ದು ಬನ್ನಿ.

ನಮ್ಮ ಮನೇಲಿ ಅಮೆರಿಕದಿಂದ ತಂದ ಒಂದು ಹಾಳೆ ಫ್ರೇಮ್‌ನಲ್ಲಿದೆ. ಏನು ಮಾಡ್ಲಿ?

ಬಿಸಿಲು ಬೀಳುವ ಗೋಡೆಯಿಂದ ಮೊದಲು ಇಳಿಸಿ. ಲ್ಯಾಮಿನೇಶನ್ ಬೇಡವೇ ಬೇಡ, ಸೆಲ್ಲೋಟೇಪ್ ಮುಟ್ಟಿಸಬೇಡಿ. ಚರ್ಮದ ಹಾಳೆ ಮಳೆಗಾಲದ ತೇವಕ್ಕೆ ಅಲೆಅಲೆಯಾಗಿ ಸುಕ್ಕಾಗುತ್ತದೆ, ಅದನ್ನು ಇಸ್ತ್ರಿ ಮಾಡಿ ಸರಿಪಡಿಸಲು ಹೋಗಬೇಡಿ. ಹಾಳೆ ಗಾಜಿಗೆ ತಾಗಿಕೊಂಡಿದ್ದರೆ ಬಣ್ಣ ಅಂಟಿಕೊಂಡಿರಬಹುದು, ಎಳೆಯದೆ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಹಳೇ ಫ್ರೇಮಿನ ಹಿಂದಿನ ಚೀಟಿ, ಅಂಗಡಿಯ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಸಂಖ್ಯೆ ಯಾವುದನ್ನೂ ಎಸೆಯಬೇಡಿ. ಆಮೇಲೆ ಎರಡೂ ಬದಿಯ ಫೋಟೊ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಆ ಫೋಟೊಗಳನ್ನು ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಳಿಸಿ. ಹಾಳೆ ನಿಮ್ಮ ಹತ್ತಿರವೇ ಇರಬಹುದು, ಅದರ ಚಿತ್ರ ಉಳಿದ ಹಾಳೆಗಳ ಸಾಲಿಗೆ ಸೇರಿದರೆ ಸಾಕು. ಬಹಳ ಜನ ಚಿತ್ರವಿರುವ ಬದಿಯ ಫೋಟೊ ಒಂದನ್ನೇ ಕಳಿಸುತ್ತಾರೆ. ಯಾವ ಪುಸ್ತಕದ ಎಷ್ಟನೇ ಹಾಳೆ ಎಂದು ಹೇಳುವ ಸಾಲು ಎಷ್ಟೋ ಸಲ ಹಿಂಬದಿಯಲ್ಲೇ ಇರುತ್ತದೆ.